ಗೋಡೆಯ ಮಾತು ಕೇಳುವ ಕೆಲಸ: ಕೋಟೆ–ಮಸೀದಿಗಳ ನಡುವೆ ಕಲಿತ ಹತ್ತು ಪಾಠ

ಕಲಬುರಗಿ, ಬೀದರ, ವಿಜಯಪುರ, ರಾಯಚೂರು ಸೀಮೆಯ ಹಳೆಯ ಕಟ್ಟಡಗಳ ದುರಸ್ತಿಯಲ್ಲಿ ನನ್ನ ಮೂವತ್ತೆರಡು ವರ್ಷ ಕಳೆದವು. ಕೆಲಸಕ್ಕೆ ಬಂದಾಗ ಕೈಯಲ್ಲಿದ್ದದ್ದು ಸಿವಿಲ್ ಡಿಪ್ಲೊಮಾ. ಅದರಲ್ಲಿ ಸಿಮೆಂಟಿನ ಬಗ್ಗೆ ಎಲ್ಲ ಇತ್ತು, ಸುಣ್ಣದ ಬಗ್ಗೆ ಒಂದು ಪುಟ. ಉಳಿದದ್ದನ್ನು ಗೌಂಡಿಗಳು ಕಲಿಸಿದರು, ಮಳೆ ಕಲಿಸಿತು, ನನ್ನವೇ ತಪ್ಪುಗಳು ಕಲಿಸಿದವು.

ಬಹಮನಿ, ಬರೀದಶಾಹಿ, ಆದಿಲ್‌ಶಾಹಿ ಅರಸರು ಕಲಬುರಗಿ, ಬೀದರ, ವಿಜಯಪುರಗಳಲ್ಲಿ ಕಟ್ಟಿಸಿದ ಕೋಟೆ, ಮಸೀದಿ, ಗುಂಬಜುಗಳು ‘ದಖನ್ ಸುಲ್ತಾನರ ಸ್ಮಾರಕಗಳು ಮತ್ತು ಕೋಟೆಗಳು’ ಎಂಬ ಹೆಸರಿನಲ್ಲಿ 2014ರಿಂದ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲಿವೆ. ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಮಾಳಿಗೆ ಸೋರುವುದು ನಿಲ್ಲುವುದಿಲ್ಲ. ಅದನ್ನು ನಿಲ್ಲಿಸಲು ಹೋದವನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಿಗೆ ಉಪಯೋಗವಾದೀತು.

1. ಬಿರುಕು ಗೋಡೆಯಲ್ಲಿದ್ದರೆ ಮೊದಲು ಮಾಳಿಗೆ ಹತ್ತಿ

ಹೊಸದರಲ್ಲಿ ಗೋಡೆ ಬಿರಿದರೆ ಗೋಡೆಗೇ ಔಷಧ ಹಚ್ಚುತ್ತಿದ್ದೆ. ಮಳೆಗಾಲ ಮುಗಿಯುವಷ್ಟರಲ್ಲಿ ಅದೇ ಬಿರುಕು ಮತ್ತೆ ಬಾಯಿ ಬಿಡುತ್ತಿತ್ತು. ಅದರ ಮೂಲ ಮೇಲಿದೆ ಎಂದು ತಿಳಿಯಲು ಎರಡು ಮಳೆಗಾಲ ಬೇಕಾಯಿತು.

ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿಯನ್ನು ನೋಡಿ, ನಾನು ಹೇಳುವುದು ಅರ್ಥವಾಗುತ್ತದೆ. 1367ರ ಕಟ್ಟಡ. ದೊಡ್ಡ ಮಸೀದಿಗಳ ನಡುವೆ ತೆರೆದ ಅಂಗಳ ಇರುವುದು ವಾಡಿಕೆ. ಇಲ್ಲಿ ಅಂಗಳವಿಲ್ಲ, ಪೂರ್ತಿ ಮಾಳಿಗೆ. ಉದ್ದ 216 ಅಡಿ, ಅಗಲ 176 ಅಡಿ. ಲೆಕ್ಕ ಹಾಕಿದರೆ ಒಂದು ಅಂಗುಲ ಮಳೆಗೆ ಸುಮಾರು 90,000 ಲೀಟರ್ ನೀರು ಅಲ್ಲಿಂದ ಕೆಳಗಿಳಿಯಬೇಕು. ಗುಮ್ಮಟದ ಪಕ್ಕ ಗುಮ್ಮಟ, ಎರಡರ ನಡುವೆ ತಗ್ಗು. ನೀರು ಆ ತಗ್ಗುಗಳಲ್ಲಿ ಕೂಡಿ ಅಂಚಿಗೆ ಹರಿಯಬೇಕು. ಇಂಥ ಮಾಳಿಗೆ ಕಟ್ಟುವವನು ಗುಮ್ಮಟದ ಅಂದಕ್ಕಿಂತ ಮೊದಲು ನೀರಿನ ಇಳಿಜಾರು ಯೋಚಿಸಿರಲೇಬೇಕು.

ಎಲ್ಲೇ ಆಗಲಿ, ನೀರು ಹೊರಬೀಳುವ ತೂತಿನಲ್ಲಿ ಪಾರಿವಾಳದ ಗೂಡೊಂದು ಸಿಕ್ಕಿಕೊಂಡರೆ ಸಾಕು. ನಿಂತ ನೀರು ಗಾರೆಯನ್ನು ಮೆತ್ತಗೆ ಮಾಡುತ್ತದೆ. ಮೆತ್ತಗಾದ ಕಡೆ ಹಕ್ಕಿ ಹಾಕಿದ ಅರಳಿ ಬೀಜ ಮೊಳೆಯುತ್ತದೆ. ಬೇರು ಕಲ್ಲುಗಳ ನಡುವೆ ಬೆರಳು ತೂರಿಸಿದಂತೆ ಇಳಿಯುತ್ತದೆ. ಹತ್ತು ವರ್ಷದ ಮೇಲೆ ಕೆಳಗೆ ನಿಂತವನಿಗೆ ಗೋಡೆಯ ಬಿರುಕು ಮಾತ್ರ ಕಾಣುತ್ತದೆ. ಹಾಗಾಗಿ ರೋಹಿಣಿ ಮಳೆಗೆ ಮುಂಚೆ ಎರಡು ಆಳು, ಒಂದು ಪೊರಕೆ, ಒಂದು ಬುಟ್ಟಿ ಮಾಳಿಗೆಗೆ ಕಳಿಸಿ. ಲಕ್ಷಗಟ್ಟಲೆ ರೂಪಾಯಿಯ ಅಂದಾಜುಪಟ್ಟಿ ತಪ್ಪಿಸುವ ಶಕ್ತಿ ಆ ಪೊರಕೆಗಿದೆ.

2. ಸಿಮೆಂಟು ಹಾಕಿದ್ದು ನಾನೇ

ನನ್ನ ಮೂರನೆಯ ವರ್ಷ. ಒಂದು ಹಳ್ಳಿಯ ಸಣ್ಣ ಮಸೀದಿಯ ಗೋಡೆಯ ಗಾರೆ ಉದುರುತ್ತಿತ್ತು. ಆರ್ಥಿಕ ವರ್ಷದ ಕೊನೆ, ಹಣ ಖರ್ಚಾಗಬೇಕಿತ್ತು. ಸಿಮೆಂಟು ಪ್ಲಾಸ್ಟರ್ ಮಾಡಿಸಿದೆ. ನುಣ್ಣಗೆ, ನೇರವಾಗಿ ಬಂತು. ನೋಡಿದವರು ಹೊಗಳಿದರು. ಅಲ್ಲಿದ್ದ ಹಿರಿಯ ಗೌಂಡಿಯೊಬ್ಬರು ಮಾತ್ರ ಬೀಡಿ ಆರಿಸಿ, ‘ಸಾಹೇಬ್ರ, ಗ್ವಾಡಿ ಬಾಯಿ ಮುಚ್ಚೀರಿ. ಇನ್ನ ಅದು ಎಲ್ಲಿಂದ ಉಸಿರಾಡಬೇಕ್ರೀ?’ ಅಂದರು.

ಮುದುಕರ ಮಾತು ಎಂದು ನಕ್ಕಿದ್ದೆ. ನಾಲ್ಕನೆಯ ವರ್ಷಕ್ಕೆ ಪ್ಲಾಸ್ಟರು ಹಲಗೆ ಹಲಗೆಯಾಗಿ ಎದ್ದುಬಂತು. ಬರುವಾಗ ಹಿಂದಿನ ಕಲ್ಲಿನ ಮೈಯನ್ನೂ ಕಿತ್ತುಕೊಂಡು ಬಂತು. ಆಮೇಲೆ ಓದಿ ತಿಳಿದೆ. ಹಳೆಯ ಗೋಡೆ ನೆಲದಿಂದ, ಮಳೆಯಿಂದ ತೇವ ಹೀರುತ್ತದೆ. ಸುಣ್ಣದ ಗಾರೆಯ ಸಣ್ಣ ಸಣ್ಣ ರಂಧ್ರಗಳ ಮೂಲಕ ಅದನ್ನು ಗಾಳಿಗೆ ಬಿಡುತ್ತದೆ. ಸಿಮೆಂಟು ಆ ದಾರಿ ಮುಚ್ಚುತ್ತದೆ. ಒಳಗೇ ಉಳಿದ ನೀರು ಲವಣಗಳನ್ನು ಕರಗಿಸಿ, ಅವು ಹರಳುಗಟ್ಟಿ, ಕಲ್ಲನ್ನೇ ಪುಡಿಮಾಡುತ್ತವೆ. ಬಿಸಿಲಿಗೆ ಕಟ್ಟಡ ಹಿಗ್ಗಿ ಕುಗ್ಗುವಾಗ ಸುಣ್ಣ ಅದರೊಂದಿಗೆ ಒಂದಿಷ್ಟು ಬಾಗುತ್ತದೆ. ಸಿಮೆಂಟಿಗೆ ಆ ಗುಣವಿಲ್ಲ. ಅದು ಬಲಿಷ್ಠ, ನಿಜ. ಆದರೆ ಅಕ್ಕಪಕ್ಕದ ಕಲ್ಲಿಗಿಂತ ಬಲಿಷ್ಠವಾದ ಗಾರೆ ಇದ್ದರೆ ಒಡೆಯುವುದು ಕಲ್ಲೇ. ಗಾರೆಯನ್ನು ಮತ್ತೆ ಹಾಕಬಹುದು, ಆರುನೂರು ವರ್ಷದ ಕಲ್ಲನ್ನು ಎಲ್ಲಿಂದ ತರುವುದು?

ಆ ಗೌಂಡಿಯ ಕಾಲು ಮುಟ್ಟಿ ಕಲಿಯಬೇಕಿತ್ತು. ಹೋಗಿ ಹುಡುಕುವಷ್ಟರಲ್ಲಿ ಅವರು ತೀರಿಹೋಗಿದ್ದರು.

3. ಸುಣ್ಣಕ್ಕೆ ಮಾರ್ಚ್ 31 ಗೊತ್ತಿಲ್ಲ

ಒಳ್ಳೆಯ ಗಚ್ಚು ವಾರದಲ್ಲಿ ತಯಾರಾಗುವುದಿಲ್ಲ. ಸುಟ್ಟ ಸುಣ್ಣದ ಕಲ್ಲನ್ನು ಗುಂಡಿಯಲ್ಲಿ ನೀರು ಹಾಕಿ ಅರಳಿಸಬೇಕು. ಸೋಸಿ, ಮೇಲೆ ನೀರು ನಿಲ್ಲಿಸಿ, ಬೆಣ್ಣೆಯಂತಾಗುವ ತನಕ ವಾರಗಟ್ಟಲೆ, ಸಾಧ್ಯವಾದರೆ ತಿಂಗಳುಗಟ್ಟಲೆ, ಕೊಳೆಸಬೇಕು. ಆಮೇಲೆ ಮರಳು, ಸುರ್ಕಿ ಎಂದು ಕರೆಯುವ ಇಟ್ಟಿಗೆ ಪುಡಿ ಸೇರಿಸಿ ಅರೆಯಬೇಕು. ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಹಾಕುವುದು ಹಿರಿಯರ ರೂಢಿ. ಹಚ್ಚಿದ ಮೇಲೆ ಗೋಣಿತಾಟು ಹೊದಿಸಿ ಬಾಣಂತಿಯ ಹಾಗೆ ಆರೈಕೆ ಮಾಡಬೇಕು. ಬೇಗ ಒಣಗಿದರೆ ಬಿರಿಯುತ್ತದೆ. ಸುಣ್ಣ ಗಾಳಿಯೊಳಗಿನ ಇಂಗಾಲದ ಡೈಆಕ್ಸೈಡ್ ಹೀರಿ ನಿಧಾನವಾಗಿ ಮತ್ತೆ ಕಲ್ಲೇ ಆಗುತ್ತದೆ. ಭಟ್ಟಿಯಲ್ಲಿ ಕಳೆದುಕೊಂಡದ್ದನ್ನು ಗೋಡೆಯ ಮೇಲೆ ಮರಳಿ ಪಡೆಯುತ್ತದೆ.

ಈ ಗಾರೆಯ ಬಲದ ಬಗ್ಗೆ ಅನುಮಾನ ಇದ್ದವರನ್ನು ವಿಜಯಪುರದ ಇಬ್ರಾಹಿಂ ರೋಜಾಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಗೋರಿಯ ಕೋಣೆಯ ಛಾವಣಿ ಚಪ್ಪಟೆ. ಕಲ್ಲಿನ ಚಪ್ಪಡಿಗಳು ಅಂಚಿಗೆ ಅಂಚು ಕೂಡಿಸಿ ನಿಂತಿವೆ. ಕೆಳಗೆ ಕಂಬವಿಲ್ಲ, ತೊಲೆಯಿಲ್ಲ. ಗಾರೆಯನ್ನೂ ಕೈಚಳಕವನ್ನೂ ನಂಬಿ ಕಟ್ಟಿದ ಕೆಲಸ. ಮಲಿಕ್ ಸಂದಲ್ ಎಂಬವನ ಉಸ್ತುವಾರಿಯಲ್ಲಿ 1626ರ ಸುಮಾರಿಗೆ ಮುಗಿದದ್ದು, ಇಂದಿಗೂ ಅಲ್ಲಾಡಿಲ್ಲ.

4. ಊರಿನ ಕಲ್ಲು ತಿಳಿಯದೆ ಉಳಿ ಹಿಡಿಯಬೇಡಿ

ವಿಜಯಪುರದಿಂದ ಬೀದರಕ್ಕೆ ವರ್ಗವಾದಾಗ ನನ್ನ ಗೌಂಡಿಗಳನ್ನೂ ಕರೆದೊಯ್ದೆ. ಮೊದಲ ದಿನವೇ ಅವರು ಕೈಚೆಲ್ಲಿದರು. ಅವರ ಕೈಗೆ ಒಗ್ಗಿದ್ದು ವಿಜಯಪುರದ ಕರಿಕಲ್ಲು. ಗಟ್ಟಿ, ಸಣ್ಣ ಕೆತ್ತನೆಯನ್ನು ಹಿಡಿದಿಟ್ಟುಕೊಳ್ಳುವ ಕಲ್ಲು. ಬೀದರ ನಿಂತಿರುವುದೇ ಜಂಬಿಟ್ಟಿಗೆಯ ಗುಡ್ಡದ ಮೇಲೆ. ಅಗೆದಾಗ ಮೆದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿ, ಮೈತುಂಬ ತೂತು. ಅದರಲ್ಲಿ ಬಳ್ಳಿ ಹೂವು ಕೆತ್ತಲಾಗದು. ಬೀದರದ ಕುಶಲಿಗಳು ಅದಕ್ಕೇ ಗೋಡೆಗೆ ಗಚ್ಚು ಹಚ್ಚಿ ಗಚ್ಚಿನಲ್ಲಿ ಚಿತ್ತಾರ ಬಿಡಿಸಿದರು. ಮಹಮೂದ್ ಗವಾನನ ಮದರಸಾಕ್ಕೆ ಬಣ್ಣದ ಹೆಂಚು ಅಂಟಿಸಿದರು, ಅಲಿ ಬರೀದನ ಕಾಲದ ರಂಗೀನ್ ಮಹಲಿನಲ್ಲಿ ಕರಿಕಲ್ಲಿಗೆ ಮುತ್ತಿನ ಚಿಪ್ಪು ಕೂರಿಸಿದರು.

ಕೋಟೆಯ ಕಂದಕವೂ ಈ ಕಲ್ಲಿನದೇ ಉಪಕಾರ. ಕೆಲವು ಕಡೆ ಮೂರು ಸಾಲು ಕಂದಕ, ನಡುವೆ ಬಂಡೆಯನ್ನೇ ಗೋಡೆಯಾಗಿ ಬಿಟ್ಟು ಕೊರೆದದ್ದು. ಬಿದ್ರಿ ಕೆಲಸದವರು ತಮ್ಮ ಹೂಜಿ, ತಟ್ಟೆಗಳಿಗೆ ಕಪ್ಪು ಬಣ್ಣ ಕೊಡಲು ಇಂದಿಗೂ ಹಳೆಯ ಕೋಟೆಯ ಮಣ್ಣನ್ನೇ ನೆಚ್ಚುತ್ತಾರೆ. ಆ ಊರಿನಲ್ಲಿ ಕೋಟೆ, ಕಸುಬು, ಮಣ್ಣು ಬೇರೆ ಬೇರೆ ವಿಷಯಗಳಲ್ಲ. ಬೇರೆ ಊರಿನ ಕಲ್ಲು ತಂದು ತೇಪೆ ಹಾಕಿದರೆ ಬಣ್ಣವಷ್ಟೇ ಅಲ್ಲ, ನೀರು ಕುಡಿಯುವ ಗುಣವೂ ಹೊಂದುವುದಿಲ್ಲ.

5. ಮುರಿದದ್ದನ್ನೆಲ್ಲ ಕೂಡಿಸುವ ಆಸೆ ಬಿಡಿ

ಕಟ್ಟುವ ಕಸುಬಿನವನಿಗೆ ಇದು ಎಲ್ಲಕ್ಕಿಂತ ಕಷ್ಟದ ಪಾಠ. ಬೀದರ ಹತ್ತಿರದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಹುಮಾಯೂನನ ಗೋರಿಯಿದೆ. ಸಿಡಿಲು ಬಡಿದು ಗುಮ್ಮಟವೂ ಗೋಡೆಯೂ ಸೀಳಿ ಬಿದ್ದಿವೆ. ಉಳಿದ ಭಾಗ ನಿಂತಿದೆ, ಕೊಯ್ದ ಹಣ್ಣಿನ ಹೋಳಿನಂತೆ. ಗೋಡೆ ಎಷ್ಟು ದಪ್ಪ, ಕಮಾನು ಎಲ್ಲಿಂದ ಎದ್ದಿತು, ಗುಮ್ಮಟ ಹೇಗೆ ಕೂತಿತು, ಎಲ್ಲ ಒಂದೇ ನೋಟಕ್ಕೆ ಸಿಗುತ್ತದೆ. ನನ್ನ ಕೈಕೆಳಗೆ ಬಂದ ಹುಡುಗರಿಗೆ ಮೊದಲ ಪಾಠ ಅಲ್ಲೇ. ಆ ಗುಮ್ಮಟವನ್ನು ಯಾರಾದರೂ ಪೂರ್ತಿ ಮಾಡಿದ್ದರೆ ನಮಗೊಂದು ಹೊಸ ಗುಮ್ಮಟ ಸಿಗುತ್ತಿತ್ತು, ಒಂದು ಪಾಠಶಾಲೆ ಹೋಗುತ್ತಿತ್ತು.

ಮಹಮೂದ್ ಗವಾನನ ಮದರಸಾ 1472ರದು. ಔರಂಗಜೇಬನ ಕಾಲದಲ್ಲಿ, 1696ರಲ್ಲಿ, ಒಳಗಿಟ್ಟಿದ್ದ ಮದ್ದು ಸಿಡಿದು ಮುಂಭಾಗದ ಒಂದು ಪಾಲು ಹಾರಿಹೋಯಿತು. ಮುಂದಿನ ಎರಡು ಮಿನಾರುಗಳಲ್ಲಿ ಒಂದೇ ಉಳಿದಿದೆ. ವಿದ್ಯೆಯ ಮನೆಯನ್ನು ಮದ್ದಿನ ಮನೆ ಮಾಡಿದರೆ ಏನಾಗುತ್ತದೆ ಎಂಬುದನ್ನು ಆ ಖಾಲಿ ಜಾಗ ಹೇಳುತ್ತದೆ. ನಮ್ಮ ಕೆಲಸ ಉಳಿದದ್ದು ಬೀಳದಂತೆ ನೋಡಿಕೊಳ್ಳುವುದು. ಹೊಸ ಕಲ್ಲು ಹಾಕಲೇಬೇಕಾದರೆ ಹತ್ತಿರ ಬಂದವನಿಗೆ ಇದು ಹೊಸತೆಂದು ತಿಳಿಯಬೇಕು, ದೂರದಿಂದ ನೋಡಿದವನ ಕಣ್ಣಿಗೆ ಚುಚ್ಚಬಾರದು.

6. ಶಾಸನ ಓದಿಸುವ ತನಕ ಬಾಯಿ ಬಿಡಬೇಡಿ

ಈ ಕಟ್ಟಡಗಳ ಬಗ್ಗೆ ಎಲ್ಲರಿಗೂ ಒಂದು ಕಥೆ ಗೊತ್ತು. ಆಟೋದವನಿಗೊಂದು, ಗೈಡಿಗೊಂದು, ಭಾಷಣಕಾರನಿಗೊಂದು. ಕಲ್ಲಿನ ಮೇಲೆ ಬರೆದದ್ದು ಎಷ್ಟೋ ಸಲ ಅವೆಲ್ಲಕ್ಕಿಂತ ಸ್ವಾರಸ್ಯ.

ವಿಜಯಪುರದ ಒಳಕೋಟೆಯಲ್ಲಿ ಕರೀಮುದ್ದೀನ್ ಮಸೀದಿಯಿದೆ. 1320ರದು, ಆದಿಲ್‌ಶಾಹಿಗಿಂತ ಬಹಳ ಹಿಂದಿನದು. ಅಲ್ಲಿನ ಕಂಬಗಳು ದೇವಾಲಯದ ಕಂಬಗಳು, ಅದನ್ನು ಯಾರೂ ಮುಚ್ಚಿಡುವ ಅಗತ್ಯವಿಲ್ಲ. ಅಲ್ಲಿಯೇ ಇರುವ ಶಾಸನ, ಕಟ್ಟಿದವನು ಸಾಲೋಟಗಿಯ ರೇವಯ್ಯ ಎನ್ನುತ್ತದೆ. ಇಂಡಿ ತಾಲ್ಲೂಕಿನ ಸಾಲೋಟಗಿ ನಮ್ಮೆಲ್ಲರಿಗೂ ಗೊತ್ತಿರುವ ಊರು. ಕೆಡವಿದ್ದೂ ಕಟ್ಟಿದ್ದೂ ಎರಡೂ ಆ ಕಲ್ಲಿನಲ್ಲಿವೆ. ಒಂದನ್ನೇ ಓದಿ ಇನ್ನೊಂದನ್ನು ಬಿಡುವವನು ಯಾವ ಪಕ್ಷದವನಾದರೂ ಅರ್ಧ ಓದಿದವನೇ. ಕಲಬುರಗಿಯ ಜಾಮಿ ಮಸೀದಿಯ ಬರಹ ಕಟ್ಟಿದವನು ರಫಿ ಎಂದು, ಅವನ ಮನೆತನ ಇರಾನಿನ ಕಜ್ವೀನಿನದು ಎಂದು ಹೇಳುತ್ತದೆ. ಅಲ್ಲಿ ಕಜ್ವೀನಿನವನು, ಇಲ್ಲಿ ಸಾಲೋಟಗಿಯವನು. ದಖನ್ ಎಂಬುದು ಹೀಗೆ ಆದ ನಾಡು.

ರಾಯಚೂರು ಕೋಟೆಯಲ್ಲಿ ಕಾಕತೀಯರ ಕಾಲದ, 1294ರ ಶಾಸನದ ಕಲ್ಲಿದೆ. ಒಂದೇ ಕಲ್ಲು, 41 ಅಡಿಗೂ ಹೆಚ್ಚು ಉದ್ದ. ಇಷ್ಟು ದೊಡ್ಡದನ್ನು ಹೇಗೆ ತಂದರು ಎಂದು ಕೇಳುವವರಿಗೆ ಉತ್ತರವನ್ನೂ ಅಲ್ಲೇ ಗೋಡೆಯಲ್ಲಿ ಗೀರಿದ್ದಾರೆ: ಗಾಲಿಯ ಬಂಡಿ, ಮೇಲೆ ಕಲ್ಲು, ಎಳೆಯುವ ಕೋಣಗಳ ಸಾಲು. ನಾನು ಕಂಡ ಅತ್ಯುತ್ತಮ ಕಾಮಗಾರಿ ವರದಿ ಅದು.

ಹಾಗಾಗಿ ಸುಣ್ಣ ಬಳಿಯುವ ಮುಂಚೆ ಗೋಡೆ ತಡವಿ ನೋಡಿ. ಅಕ್ಷರ ಕೈಗೆ ಸಿಕ್ಕರೆ ಕೆಲಸ ನಿಲ್ಲಿಸಿ, ಪಡಿಯಚ್ಚು ತೆಗೆಯಬಲ್ಲವರನ್ನು ಕರೆಸಿ.

7. ಕಾಣದ ನೀರೂ ಸ್ಮಾರಕವೇ

ಪ್ರವಾಸಿ ಗುಮ್ಮಟ ನೋಡಿ ಹೋಗುತ್ತಾನೆ. ಗುಮ್ಮಟ ಕಟ್ಟಿದ ಊರು ಏನು ಕುಡಿಯಿತು ಎಂದು ಕೇಳುವುದಿಲ್ಲ. ಬೀದರದ ನೌಬಾದಿನಲ್ಲಿ ನೆಲದಡಿಯ ಕಾಲುವೆಯಿದೆ. ಪರ್ಷಿಯಾದ ಕಡೆಯಿಂದ ಬಂದ ಕರೇಜ್ ವಿದ್ಯೆ. ಜನ ಕರೆಯುವುದು ಸುರಂಗ ಬಾವಿ ಎಂದು. ಜಂಬಿಟ್ಟಿಗೆಯಲ್ಲಿ ಇಂಗಿದ ನೀರನ್ನು ಇಳಿಜಾರಿನ ಸುರಂಗದಲ್ಲಿ ಹಿಡಿದು, ನಡುನಡುವೆ ಗಾಳಿಬಾವಿ ತೋಡಿ ಊರಿಗೆ ಹರಿಸಿದರು. ವಿಜಯಪುರಕ್ಕೆ ತೊರವಿಯ ಕಡೆಯಿಂದ, ಬೇಗಂ ತಲಾಬಿನಿಂದ ನೆಲದೊಳಗೆ ನೀರು ಬರುತ್ತಿತ್ತು. ನೀರಿನ ಒತ್ತಡ ತಗ್ಗಿಸಲು ಕಟ್ಟಿದ ಗೋಪುರಗಳು, ಊರವರ ಬಾಯಲ್ಲಿ ಗಂಜ್‌ಗಳು, ಇಂದಿಗೂ ಅಲ್ಲಲ್ಲಿ ನಿಂತಿವೆ. ಎಷ್ಟೋ ಜನ ಅವನ್ನು ಗೋರಿ ಎಂದುಕೊಂಡಿದ್ದಾರೆ.

ಬೋರ್‌ವೆಲ್ ಕೊರೆಯುವಾಗ, ಚರಂಡಿ ಅಗೆಯುವಾಗ ಮೊದಲು ಸಾಯುವುದು ಇಂಥವು. ಕೋಟೆಯ ನಕ್ಷೆ ಬರೆಯುವವರು ಗೋಡೆಯ ಗೆರೆಗೆ ಮುಂಚೆ ನೀರಿನ ಗೆರೆ ಎಳೆಯಲಿ.

8. ನಮಾಜು, ಉರುಸು ನಡೆಯುವ ಕಡೆ ಬಾಗಿಲು ತಟ್ಟಿ ಒಳಗೆ ಹೋಗಿ

ಕಾಗದದಲ್ಲಿ ಸ್ಮಾರಕ ಎಂದು ಬರೆದಿರುತ್ತದೆ. ಊರವರಿಗೆ ಅದು ಅಜ್ಜನ ಕಾಲದಿಂದ ನಡೆದುಕೊಂಡ ಜಾಗ. ಅಷ್ಟೂರಿನಲ್ಲಿ ಸುಲ್ತಾನ ಅಹ್ಮದ್ ಷಾ ವಲಿಯ ಗೋರಿಯ ಒಳಗೋಡೆ, ಗುಮ್ಮಟದ ತುಂಬ ಬಂಗಾರ, ಕೆಂಪು, ನೀಲಿಯ ಬರಹ, ಚಿತ್ತಾರ. ಅವನ ಉರುಸಿಗೆ ಮಾಡಿಯಾಳದಿಂದ ಲಿಂಗಾಯತ ಜಂಗಮರು ಬರುತ್ತಾರೆ, ಉತ್ಸವ ಅವರ ಕೈಯಿಂದ ಶುರುವಾಗುತ್ತದೆ. ಒಬ್ಬರಿಗೆ ಅವನು ವಲಿ, ಇನ್ನೊಬ್ಬರಿಗೆ ಅಲ್ಲಮಪ್ರಭು. ಸಂರಕ್ಷಣೆ ಮಾಡುವಾಗ ಈ ನಂಬಿಕೆಯನ್ನು ಹೊರಗಿಟ್ಟರೆ ಉಳಿಯುವುದು ಬಣ್ಣ ಮಾತ್ರ.

ಬೇರೊಂದು ಊರಿನ ದರ್ಗಾದಲ್ಲಿ ದೀಪದ ಮಸಿ ಗಚ್ಚಿನ ಹೂಗಳನ್ನು ನುಂಗುತ್ತಿತ್ತು. ನಾನು ಹೋಗಿ ‘ದೀಪ ಹಚ್ಚಬೇಡಿ’ ಎಂದು ಬೋರ್ಡು ನೆಡಿಸಿದೆ. ಮರುದಿನ ಬೋರ್ಡಿನ ಕೆಳಗೇ ದೀಪ ಉರಿಯುತ್ತಿತ್ತು. ಆಮೇಲೆ ಹಿರಿಯರೊಂದಿಗೆ ಕೂತು ಚಹಾ ಕುಡಿದೆ, ಹತ್ತಿಯಲ್ಲಿ ಮಸಿ ಒರೆಸಿ ಕೆಳಗಿದ್ದ ಹೂವನ್ನು ತೋರಿಸಿದೆ. ಅಲ್ಲಿದ್ದ ಅಜ್ಜಿ, ‘ಇಷ್ಟ ಚೆಂದ ಐತೇನೋ ತಮ್ಮಾ, ನನಗ ಗೊತ್ತಽ ಇರಲಿಲ್ಲ’ ಅಂದರು. ದೀಪ ಹೊರಗಿನ ಕಟ್ಟೆಗೆ ಬಂತು. ಬೋರ್ಡನ್ನು ನಾನೇ ಕಿತ್ತೆ.

9. ಬೆಲೆ ತಿಳಿಯದವರೆಂದು ಊರವರನ್ನು ಬೈಯಬೇಡಿ

ವಿಜಯಪುರದ ಷೇರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪು 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. 1854ರಲ್ಲಿ ಅದನ್ನು ಹರಾಜಿಗೆ ಹಾಕಿದರು. ಬಂದ ಬೆಲೆ 150 ರೂಪಾಯಿ! ಮಾರಾಟ ರದ್ದಾದ್ದರಿಂದ ತೋಪು ಉಳಿಯಿತು. ಹರಾಜು ಹಾಕಿದವರು ಅನಕ್ಷರಸ್ಥ ಹಳ್ಳಿಗರಲ್ಲ, ಆಳುತ್ತಿದ್ದ ಸರ್ಕಾರ. ಮಸೀದಿಯಲ್ಲಿ ಅಂಚೆ ಕಚೇರಿ ನಡೆಸಿದ್ದೂ ಅದೇ ಆಡಳಿತ. ಆಮೇಲೆ ಅದೇ ಆಡಳಿತದ ಹೆನ್ರಿ ಕಸಿನ್ಸ್ ಈ ಊರಿನ ಒಂದೊಂದು ಕಟ್ಟಡವನ್ನೂ ಅಳೆದು 1916ರಲ್ಲಿ ದೊಡ್ಡ ಗ್ರಂಥ ತಂದರು. ಬೀದರಕ್ಕೆ ಹೈದರಾಬಾದಿನ ಗುಲಾಂ ಯಜ್ದಾನಿ 1947ರಲ್ಲಿ ಅಂಥದೇ ಗ್ರಂಥ ಕೊಟ್ಟರು. ಅಳೆದು ಬರೆದಿಟ್ಟವರಿಂದಲೇ ನಮಗೆ ಇಂದು ಹಳೆಯ ರೂಪ ಗೊತ್ತು.

ಈಗ ಕಾನೂನು ಬಿಗಿಯಾಗಿದೆ. ಕೇಂದ್ರ ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆ 200 ಮೀಟರ್ ತನಕ ಅನುಮತಿ ಬೇಕು. ಸರಿ. ಆದರೆ ವಿಜಯಪುರದ ಕೋಟೆಗೋಡೆ ಊರನ್ನು ಸುಮಾರು 10 ಕಿಲೋಮೀಟರ್ ಸುತ್ತುತ್ತದೆ. ಅದರ ಬುಡದಲ್ಲಿ ನಾಲ್ಕು ತಲೆಮಾರು ಬಾಳಿದವನಿಗೆ ತನ್ನ ಸೋರುವ ಪಾಯಖಾನೆ ರಿಪೇರಿಗೂ ಕಾಗದ ಹಿಡಿದು ತಿರುಗಬೇಕು. ಅವನಿಗೆ ಆ ಗೋಡೆ ಪರಂಪರೆಯಾಗಿ ಕಾಣಬೇಕಾದರೆ ಕಾಗದ ಬೇಗ ಕೈಗೆ ಸಿಗಬೇಕು, ದುರಸ್ತಿಯ ಕೂಲಿ ಮೊದಲು ಅವನ ಮನೆಗೆ ಹೋಗಬೇಕು. ನಾನು ಆಳು ಬೇಕಾದಾಗಲೆಲ್ಲ ಗೋಡೆಯ ಬುಡದ ಮನೆಗಳಲ್ಲೇ ಕೇಳಿದೆ. ಆ ಗೋಡೆಯಿಂದ ಒಂದು ಕಲ್ಲೂ ಕಳುವಾಗಲಿಲ್ಲ.

10. ಪ್ರತಿದಿನ ನೋಟ್‌ಬುಕ್ಕಿನಲ್ಲಿ ಬರೆಯಿರಿ, ಸೋತದ್ದನ್ನೂ

ಗೋಳಗುಮ್ಮಟದ ಹೊರವ್ಯಾಸ 144 ಅಡಿ. ಒಂದನ್ನೊಂದು ಹಾಯುವ ಎಂಟು ಕಮಾನುಗಳು ಚೌಕದ ಕೋಣೆಯನ್ನು ಮೇಲೆ ದುಂಡಗೆ ತಿರುಗಿಸಿ, ಗುಮ್ಮಟ ಹೊರಕ್ಕೆ ತಳ್ಳುವ ಭಾರಕ್ಕೆ ಒಳಗಿನಿಂದ ಎದುರು ನಿಲ್ಲುತ್ತವೆ. ಕಟ್ಟಿದವನು ಏನು ಯೋಚಿಸಿದ, ಎಲ್ಲಿ ತಪ್ಪಿ ತಿದ್ದಿಕೊಂಡ ಎಂದು ಬರೆದ ಒಂದು ಹಾಳೆ ನನ್ನ ಕೈಗೆ ಸಿಕ್ಕಿದ್ದರೆ ನನ್ನ ಅರ್ಧ ಆಯುಷ್ಯದ ಊಹೆ ಉಳಿಯುತ್ತಿತ್ತು. ನಾವಾದರೂ ಬರೆದಿಡೋಣ. ಯಾವ ಗುಂಡಿಯ ಸುಣ್ಣ, ಎಷ್ಟು ದಿನ ಕೊಳೆಸಿದ್ದು, ಯಾವ ಮೂಲೆ, ಯಾರ ಕೈ, ಮೊದಲಿನ ಫೋಟೋ, ನಂತರದ ಫೋಟೋ. ನನ್ನ ಸಿಮೆಂಟಿನ ಕಥೆಯೂ ನೋಟ್‌ಬುಕ್ಕಿನಲ್ಲಿದೆ, ತಾರೀಕಿನ ಸಮೇತ. ಅದನ್ನು ಓದಿದ ಹುಡುಗ ಅದೇ ತಪ್ಪು ಮಾಡಲಿಲ್ಲ.

ಈ ಕೆಲಸಕ್ಕೆ ಬಾರದವರಿಗೆ ಒಂದೇ ಕೋರಿಕೆ. ಮುಂದಿನ ಸಲ ಯಾವುದಾದರೂ ಕೋಟೆಗೆ, ಹಳೆಯ ಮಸೀದಿಗೆ ಹೋದಾಗ ಕಲ್ಲಿನ ಸಂದಿಯಲ್ಲಿ ಅರಳಿ ಸಸಿ ಕಂಡರೆ ಕೀಳಬೇಡಿ. ಕಿತ್ತರೆ ತುದಿ ಕೈಗೆ ಬರುತ್ತದೆ, ಬೇರು ಒಳಗೇ ಉಳಿದು ಮತ್ತೆ ಚಿಗುರುತ್ತದೆ, ಇಲ್ಲವೇ ಕಲ್ಲನ್ನೇ ಎಳೆದುಕೊಂಡು ಬರುತ್ತದೆ. ಜಾಗ ಗುರುತು ಹಾಕಿಕೊಂಡು ಅಲ್ಲಿನ ಕಾವಲುಗಾರನಿಗೆ ಹೇಳಿ. ಬೇರು ಸಾಯಿಸಿ, ಸಂದಿಗೆ ಸುಣ್ಣ ತುಂಬುವ ಕೆಲಸ ಗೊತ್ತಿದ್ದವರು ಬರುತ್ತಾರೆ. ಸಸಿ ಗೇಣುದ್ದ ಇರುವಾಗ ಅದು ಅರ್ಧ ದಿನದ ಕೆಲಸ.